1969ರ ಕ್ಯಾಮರೊ: ತುಕ್ಕು ತಿಂದ ಕ್ವಾರ್ಟರ್ ಪ್ಯಾನೆಲ್‌ಗಳನ್ನು ಮನೆಯಲ್ಲೇ ಬದಲಿಸುವುದು

ಗ್ಯಾರೇಜ್‌ಮಿತ್ರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1969ರ ಶೆವರ್ಲೆ ಕ್ಯಾಮರೊ ಕೂಪೆ ಇದೆ. ಎಂಜಿನ್, ಗೇರ್‌ಬಾಕ್ಸ್ ಎರಡೂ ಚೆನ್ನಾಗಿವೆ, ತೊಂದರೆಯೆಲ್ಲ ಬಾಡಿಯದು, ಅದರಲ್ಲೂ ಕ್ವಾರ್ಟರ್ ಪ್ಯಾನೆಲ್‌ಗಳದು, ಅಂದರೆ ಬಾಗಿಲಿನ ಹಿಂದಿನಿಂದ ಹಿಂಬಂಪರ್‌ವರೆಗೆ ಹಿಂಚಕ್ರದ ಸುತ್ತ ಹರಡಿರುವ ಹೊರತಗಡಿನದು. ಎರಡೂ ಬದಿಯ ಹಿಂಚಕ್ರದ ಕಮಾನಿನ ಅಂಚು ಮತ್ತು ಅಲ್ಲಿಂದ ಬಂಪರ್‌ವರೆಗಿನ ಕೆಳಭಾಗ ತೂತುಬಿದ್ದಿವೆ. ಬಲಬದಿಯಲ್ಲಿ ಆಯಸ್ಕಾಂತ ಹಿಡಿದು ನೋಡಿದರೆ ಅಂಗೈಯಗಲದ ಜಾಗದಲ್ಲಿ ಅದು ಅಂಟುವುದೇ ಇಲ್ಲ, ಅಂದರೆ ಹಿಂದಿನ ಮಾಲೀಕರ ಕಾಲದಲ್ಲಿ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಲಾಗಿದೆ. ಡಿಕ್ಕಿಯ ಚಾಪೆ ಎತ್ತಿದಾಗ ಎರಡು ಪಕ್ಕದ ತಗ್ಗುಗಳಲ್ಲೂ ತುಕ್ಕಿನ ಪುಡಿ ಕಾಣಿಸಿತು. ಛಾವಣಿಗೆ ವಿನೈಲ್ ಹೊದಿಕೆ ಇದೆ, ಅದನ್ನಿನ್ನೂ ಬಿಚ್ಚಿಲ್ಲ.

ನನ್ನಲ್ಲಿ ಮಿಗ್ ವೆಲ್ಡಿಂಗ್ ಯಂತ್ರ, 0.6 ಮಿ.ಮೀ. ತಂತಿ, 75 ಭಾಗ ಆರ್ಗಾನ್ ಮತ್ತು 25 ಭಾಗ ಇಂಗಾಲದ ಡೈ ಆಕ್ಸೈಡ್ ಇರುವ ಅನಿಲ, ಗ್ರೈಂಡರ್ ಹಾಗೂ ಸಾಮಾನ್ಯ ಟಿಂಕರಿಂಗ್ ಉಪಕರಣಗಳಿವೆ. ರದ್ದಿ ತಗಡಿನ ಮೇಲೆ ಬೆಸುಗೆ ಅಭ್ಯಾಸ ಮಾಡಿದ್ದೇನೆ. ನಾನು ತಿಳಿಯಬೇಕಾದದ್ದು ಇಷ್ಟು: ಛಾವಣಿಯವರೆಗಿನ ಪೂರ್ಣ ಪ್ಯಾನೆಲ್ ಹಾಕಬೇಕೇ, ಅಥವಾ ಕೆಳಭಾಗಕ್ಕೆ ಮಾತ್ರ ತೇಪೆ ಸಾಕೇ? ಎರಡು ತಗಡುಗಳನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕೇ, ಒಂದರ ಮೇಲೊಂದು ಹೊಂದಿಸಬೇಕೇ? ಅಷ್ಟು ದೊಡ್ಡ ತಗಡು ಶಾಖಕ್ಕೆ ಸೊಟ್ಟಗಾಗದಂತೆ ತಡೆಯುವುದು ಹೇಗೆ?

ಹಳೇಸುತ್ತಿಗೆ:

ನೀವು ಕೇಳಿರುವ ಪ್ರಶ್ನೆಗಳಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಇನ್ನೊಂದಿದೆ: ಆ ನೀರು ಎಲ್ಲಿಂದ ಬಂತು? ಕ್ವಾರ್ಟರ್ ಪ್ಯಾನೆಲ್ ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಬಣ್ಣದ ಮೇಲೆ ಮೊದಲ ಗುಳ್ಳೆ ಏಳುವ ಹೊತ್ತಿಗೆ ಒಳಮೈ ಬಹುಪಾಲು ಮುಗಿದಿರುತ್ತದೆ. ಆ ಕಾಲದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಹಿಂಗಾಜಿನ ಸುತ್ತಲಿನ ಕಾಲುವೆಯಂಥ ಭಾಗದಲ್ಲಿ, ಹೊಳಪಿನ ಪಟ್ಟಿಯ ಕೆಳಗೆ, ನೀರು ನಿಲ್ಲುತ್ತದೆ. ಅಲ್ಲಿ ತೂತು ಬಿದ್ದ ಮೇಲೆ ಮಳೆನೀರು ನೇರವಾಗಿ ಡಿಕ್ಕಿಗಿಳಿದು, ನೀವು ಹೇಳಿದ ಪಕ್ಕದ ತಗ್ಗುಗಳಲ್ಲಿ ಸೇರಿಕೊಂಡು, ಕ್ವಾರ್ಟರ್‌ನ ಕೆಳ ಅಂಚನ್ನು ತಿನ್ನುತ್ತದೆ. ಈ ಮೂಲವನ್ನು ಮುಚ್ಚದೆ ಕೆಳಗೆ ಹೊಸ ತಗಡು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಗಾಜನ್ನು ತೆಗೆಯಿರಿ, ವಿನೈಲನ್ನೂ ತೆಗೆಯಿರಿ, ಪುಟ್ಟಿಯನ್ನು ತಗಡು ಕಾಣುವವರೆಗೆ ಬಿಡಿಸಿ, ಸಂಶಯವಿರುವ ಕಡೆಯೆಲ್ಲ ಚೂಪಾದ ದಬ್ಬಳದಿಂದ ಚುಚ್ಚಿ ನೋಡಿ. ಅಷ್ಟಾಗುವವರೆಗೆ ಯಾವ ಪ್ಯಾನೆಲ್ಲನ್ನೂ ತರಿಸಬೇಡಿ.

ಪೂರ್ಣವೋ ತೇಪೆಯೋ ಎಂಬುದಕ್ಕೆ ನನ್ನ ನಿಲುವು ಸ್ಪಷ್ಟ: ಕೊಳೆತಿರುವುದು ಕೆಳಭಾಗ ಮಾತ್ರವಾದರೆ ಕೆಳಭಾಗವನ್ನಷ್ಟೇ ಕತ್ತರಿಸಿ. ಕಾರ್ಖಾನೆಯಲ್ಲಿ ಕೂಡಿಸಿದ ಮೇಲಿನ ಅಂಚು, ಬಾಗಿಲ ಚೌಕಟ್ಟು, ಡಿಕ್ಕಿಯ ಮುಚ್ಚಳ ಕೂರುವ ಅಂಚು ಇವೆಲ್ಲ ಸರಿಯಾದ ಜಾಗದಲ್ಲಿರುವಾಗ ಅವನ್ನು ಕಿತ್ತು, ಮರುತಯಾರಿಕೆಯ ಪ್ಯಾನೆಲ್‌ನಲ್ಲಿ ಮತ್ತೆ ಹುಡುಕುವುದು ವ್ಯರ್ಥ ಶ್ರಮ. ಮರುತಯಾರಿಕೆಯ ಪ್ಯಾನೆಲ್‌ಗಳ ಬಾಗು ಮೂಲದ ಬಾಗಿನೊಂದಿಗೆ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ, ಪ್ಯಾನೆಲ್ ದೊಡ್ಡದಾದಷ್ಟೂ ಆ ವ್ಯತ್ಯಾಸ ಹೆಚ್ಚು ಕಡೆ ಕಾಣಿಸುತ್ತದೆ.

ನಿಧಾನವೇಗ:

ಹಳೇಸುತ್ತಿಗೆಯವರ ಮೊದಲ ಭಾಗವನ್ನು ಒಪ್ಪುತ್ತೇನೆ. ಎರಡನೆಯದನ್ನು ಅರ್ಧ ಮಾತ್ರ. ಕೆಳಭಾಗದ ತೇಪೆಯ ಬೆಸುಗೆ ಪ್ಯಾನೆಲ್‌ನ ಅತಿ ಅಗಲವಾದ, ಹೆಚ್ಚೂಕಡಿಮೆ ಚಪ್ಪಟೆಯಾದ ಬಯಲಿನ ನಡುವೆ ಹಾದುಹೋದರೆ, ಆ ಉದ್ದಗೆರೆಯನ್ನು ಅಲೆಯಿಲ್ಲದೆ ಮುಗಿಸುವುದು ಹೊಸಬರಿಗೆ ಬಹಳ ಕಷ್ಟ. ಪೂರ್ಣ ಪ್ಯಾನೆಲ್‌ನ ಬೆಸುಗೆಗಳು ಬಹುಪಾಲು ಅಂಚುಗಳಲ್ಲೇ ಬರುತ್ತವೆ. ಅಂಚು ಮಡಚಿರುವುದರಿಂದ ಅಲ್ಲಿ ತಗಡು ಸೊಟ್ಟಗಾಗುವ ಭಯ ಕಡಿಮೆ. ತೇಪೆಯನ್ನೇ ಆರಿಸಿಕೊಳ್ಳುವುದಾದರೆ, 1969ರ ಮಾದರಿಯಲ್ಲಿ ಚಕ್ರದ ಕಮಾನಿನಿಂದ ಹಿಂದಕ್ಕೆ ಸಾಗುವ ಮಡಿಕೆಯ ಗೆರೆಯೊಂದಿದೆಯಲ್ಲ, ಬೆಸುಗೆಯನ್ನು ಅದರ ಸ್ವಲ್ಪವೇ ಕೆಳಗೆ ಇಟ್ಟುಕೊಳ್ಳಿ. ಮಡಿಕೆಯು ತಗಡನ್ನು ಬಿಗಿಯಾಗಿ ಹಿಡಿದಿರುತ್ತದೆ.

ವಿನೈಲ್ ಕೆಳಗೆ ಏನಿದೆ ಎಂಬುದೇ ತೀರ್ಮಾನ ಮಾಡುತ್ತದೆ. ಛಾವಣಿ ಮತ್ತು ಕ್ವಾರ್ಟರ್ ಕೂಡುವ ಸಂದಿನ ಆಸುಪಾಸು ತುಕ್ಕು ಹಿಡಿದಿದ್ದರೆ ಪೂರ್ಣ ಪ್ಯಾನೆಲ್ ಬಿಟ್ಟು ಬೇರೆ ದಾರಿಯಿಲ್ಲ.

ಗ್ಯಾರೇಜ್‌ಮಿತ್ರ:

ಇಬ್ಬರಿಗೂ ಧನ್ಯವಾದಗಳು. ಗಾಜು ಮತ್ತು ವಿನೈಲ್ ಎರಡನ್ನೂ ತೆಗೆದೆ. ಎಡಬದಿಯ ಮೇಲ್ಭಾಗ ಗಟ್ಟಿಯಾಗಿದೆ. ಬಲಬದಿಯಲ್ಲಿ ಗಾಜಿನ ಕೆಳಮೂಲೆಯಿಂದ ಛಾವಣಿಯ ಸಂದಿನವರೆಗೆ ತಗಡು ಜರಡಿಯಾಗಿದೆ. ಎಡಕ್ಕೆ ತೇಪೆ, ಬಲಕ್ಕೆ ಪೂರ್ಣ ಪ್ಯಾನೆಲ್ ಎಂದು ನಿರ್ಧರಿಸಿದ್ದೇನೆ. ಆ ಸಂದಿನಲ್ಲಿ ಬೂದುಬಣ್ಣದ ಮೆತ್ತನೆಯ ಲೋಹ ತುಂಬಿದೆ. ಅದನ್ನು ಗ್ರೈಂಡರ್‌ನಿಂದ ತೆಗೆಯಬಹುದೇ? ಕೆಲಸದ ಕ್ರಮವನ್ನೂ ದಯವಿಟ್ಟು ತಿಳಿಸಿ.

ನಿಧಾನವೇಗ:

ಗ್ರೈಂಡರ್ ಖಂಡಿತ ಬೇಡ. ಅದು ಸೀಸ ಮತ್ತು ತವರದ ಮಿಶ್ರಣ. ಕಾರ್ಖಾನೆಯಲ್ಲಿ ಛಾವಣಿಯ ಸಂದನ್ನು ಅದರಿಂದಲೇ ತುಂಬಿ ಸಮ ಮಾಡುತ್ತಿದ್ದರು. ಗ್ರೈಂಡರ್ ಹಚ್ಚಿದರೆ ಸೀಸದ ದೂಳು ಗ್ಯಾರೇಜಿನ ತುಂಬ ಹರಡಿ, ನಿಮ್ಮ ಬಟ್ಟೆಯೊಂದಿಗೆ ಮನೆಯೊಳಕ್ಕೂ ಬರುತ್ತದೆ. ಈ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ತೊಡಗಿ, 250 ಡಿಗ್ರಿ ದಾಟುವ ಹೊತ್ತಿಗೆ ಪೂರ್ತಿ ಕರಗುತ್ತದೆ. ಆದ್ದರಿಂದ ಸಣ್ಣ ಅನಿಲ ದೀಪದಿಂದ ಹದವಾಗಿ ಬಿಸಿ ಮಾಡುತ್ತಾ ತಂತಿ ಬ್ರಷ್‌ನಿಂದ ಕೆಳಗಿಟ್ಟ ತಟ್ಟೆಗೆ ಇಳಿಸಿಕೊಳ್ಳಬೇಕು. ತಗಡು ಕೆಂಪಗಾಗುವಷ್ಟು ಶಾಖ ಬೇಡವೇ ಬೇಡ. ಅಷ್ಟು ಶಾಖಕ್ಕೆ ಛಾವಣಿ ಸೊಟ್ಟಗಾಗುತ್ತದೆ, ಸೀಸವೂ ಹೊಗೆಯಾಗುತ್ತದೆ. ಬಾಗಿಲುಗಳನ್ನು ತೆರೆದಿಟ್ಟು, ಸೀಸಕ್ಕೆ ತಕ್ಕ ಮುಖಗವಸು ಧರಿಸಿ ಈ ಕೆಲಸ ಮಾಡಿ. ಬೆಸುಗೆಯ ಜಾಗದಲ್ಲಿ ಅದರ ಲವಲೇಶವೂ ಉಳಿಯಬಾರದು, ಏಕೆಂದರೆ ಸೀಸ ಬೆರೆತ ಬೆಸುಗೆ ಬಿರುಕು ಬಿಡುತ್ತದೆ.

ಹಳೇಸುತ್ತಿಗೆ:

ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಕೆಲಸ ಕೆಡುವುದು ಸಾಮಾನ್ಯವಾಗಿ ಬೆಸುಗೆಯಲ್ಲಿ ಅಲ್ಲ, ಅದಕ್ಕಿಂತ ಮುಂಚಿನ ಹೊಂದಾಣಿಕೆಯಲ್ಲಿ.

ಕ್ಯಾಮರೊದ ಹಿಂಭಾಗಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಮುಂದೆ ಎಂಜಿನ್ ಹೊರುವ ಉಕ್ಕಿನ ಚೌಕಟ್ಟು (ಸಬ್‌ಫ್ರೇಮ್) ಮಾತ್ರ ಬೋಲ್ಟ್‌ಗಳಿಂದ ಕೂತಿದೆ, ಉಳಿದಂತೆ ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ಕ್ವಾರ್ಟರ್ ಕತ್ತರಿಸುವಾಗ ಕಾರು ತನ್ನ ಸಹಜ ಭಾರದಲ್ಲೇ ನಿಂತಿರಬೇಕು. ಹಿಂದಿನ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಸ್ಪ್ರಿಂಗ್‌ಗಳ ಮೇಲೆ ಭಾರ ಬೀಳುವಂತೆ ನಿಲ್ಲಿಸಿ. ಬಾಡಿಯ ನಡುಭಾಗಕ್ಕೆ ಆಸರೆ ಕೊಟ್ಟು ಎತ್ತಿ ನಿಲ್ಲಿಸಿದ ಸ್ಥಿತಿಯಲ್ಲಿ ಹೊಸ ಪ್ಯಾನೆಲ್ ಬೆಸೆದರೆ, ಕಾರನ್ನು ಇಳಿಸಿದ ಮೇಲೆ ಬಾಗಿಲ ಸಂದು ಬದಲಾಗುತ್ತದೆ, ಮತ್ತು ಆಗ ಅದನ್ನು ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಎರಡೂ ಬದಿಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದು.

ಅದಕ್ಕೂ ಮುಂಚೆ ಬಾಗಿಲಿನ ಕೀಲುಗಳನ್ನು ನೋಡಿ. ಈ ಕಾರುಗಳ ಬಾಗಿಲು ಉದ್ದ, ಭಾರವೂ ಹೆಚ್ಚು. ಕೀಲಿನ ಪಿನ್ನು, ಬುಷ್‌ಗಳು ಸವೆದು ಬಾಗಿಲು ಕೆಳಗೆ ಜಗ್ಗಿರುವುದು ಮಾಮೂಲು. ಜಗ್ಗಿದ ಬಾಗಿಲಿಗೆ ಹೊಂದಿಸಿ ಕ್ವಾರ್ಟರ್ ಕೂರಿಸಿದರೆ ಆ ದೋಷವನ್ನು ಕಾರಿಗೆ ಶಾಶ್ವತವಾಗಿ ಬೆಸೆದಂತಾಯಿತು. ಪಿನ್ನುಗಳನ್ನು ಹೊಸದಾಗಿಸಿ, ಸಬ್‌ಫ್ರೇಮ್‌ನ ರಬ್ಬರ್ ಬುಷ್‌ಗಳು ಕುಸಿದಿದ್ದರೆ ಅವನ್ನೂ ಬದಲಿಸಿ, ಬಾಗಿಲನ್ನು ಕೆಳಗಿನ ಅಂಚಿಗೆ ಸಮಾನಾಂತರವಾಗಿ ನಿಲ್ಲಿಸಿದ ಮೇಲೆಯೇ ಅಳತೆಗೆ ತೊಡಗಿ. ಸಂದುಗಳ ಅಳತೆಯನ್ನು ಬಾಗಿಲ ಮೇಲೆ, ನಡುವೆ, ಕೆಳಗೆ, ಡಿಕ್ಕಿಯ ಮುಚ್ಚಳದ ಎರಡೂ ಬದಿಗೆ ತೆಗೆದು ಬರೆದಿಟ್ಟುಕೊಳ್ಳಿ; ಡಿಕ್ಕಿಯ ಕರ್ಣದ ಅಳತೆಗಳನ್ನೂ.

ಹಳೆಯ ಪ್ಯಾನೆಲ್ಲನ್ನು ಒಂದೇ ಸಲಕ್ಕೆ ಅಂಚಿನವರೆಗೆ ಕತ್ತರಿಸಬೇಡಿ. ಸುತ್ತಲೂ ಸುಮಾರು 25 ಮಿ.ಮೀ. ಪಟ್ಟಿ ಬಿಟ್ಟು ನಡುವಿನ ತಗಡನ್ನು ತೆಗೆದರೆ ಅಂಚುಗಳು ಕೈಗೆ ಸಿಗುತ್ತವೆ. ಆಮೇಲೆ ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳನ್ನು (ಎರಡು ತಗಡುಗಳನ್ನು ಕೂಡಿಸಿರುವ ಬೆಸುಗೆಯ ಚುಕ್ಕೆಗಳನ್ನು) ತಂತಿ ಬ್ರಷ್‌ನಿಂದ ಉಜ್ಜಿ ಗುರುತಿಸಿ, ಸ್ಪಾಟ್ ವೆಲ್ಡ್ ಕಟರ್‌ನಿಂದ ಮೇಲಿನ ಪದರವನ್ನು ಮಾತ್ರ ಕೊರೆದು, ತೆಳು ಉಳಿಯಿಂದ ಬಿಡಿಸಿ. ಚಕ್ರದ ಹೊರಗೂಡು, ಅಂದರೆ ಚಕ್ರವನ್ನು ಮುಚ್ಚುವ ಒಳತಗಡಿನ ಹೊರ ಅರ್ಧ, ಈಗ ಬಯಲಾಗುತ್ತದೆ. ನಿಮ್ಮ ವಿವರಣೆ ನೋಡಿದರೆ ಅದರ ಅಂಚೂ, ಡಿಕ್ಕಿಯ ಪಕ್ಕದ ತಗ್ಗಿನ ತಗಡೂ ಹೋಗಿರುತ್ತವೆ. ಹೊರತಗಡಿಗಿಂತ ಮೊದಲು ಅವುಗಳ ಕೆಲಸ ಮುಗಿಯಬೇಕು.

ಆಮೇಲಿನದು ತಾಳ್ಮೆಯ ಕೆಲಸ. ಹೊಸ ಪ್ಯಾನೆಲ್ಲನ್ನು ಕ್ಲಾಂಪ್ ಮತ್ತು ಸಣ್ಣ ಸ್ಕ್ರೂಗಳಿಂದ ತಾತ್ಕಾಲಿಕವಾಗಿ ಕೂರಿಸಿ, ಬಾಗಿಲು ಮುಚ್ಚಿ, ಡಿಕ್ಕಿಯ ಮುಚ್ಚಳ ರಬ್ಬರ್ ಸಮೇತ ಮುಚ್ಚಿ, ಹಿಂದೀಪ, ಬಂಪರ್, ಗಾಜಿನ ಹೊಳಪಿನ ಪಟ್ಟಿ ಎಲ್ಲವನ್ನೂ ಜೋಡಿಸಿ ನೋಡಿ. ಮದುವೆಗೆ ಮುಂಚೆ ಜಾತಕ ನೋಡುವವರಿಗಿರುವಷ್ಟು ಅನುಮಾನ ಇಲ್ಲಿ ಇರಲಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಬಿಚ್ಚಿ, ತಿದ್ದಿ, ಮತ್ತೆ ಕೂರಿಸಿ. ಎಲ್ಲವೂ ಹೊಂದಿದೆ ಎನ್ನಿಸಿದ ಮೇಲೆ ಮಾತ್ರ ಮೊದಲ ಟ್ಯಾಕ್, ಅಂದರೆ ತಗಡನ್ನು ಹಿಡಿದಿಡುವ ಪುಟ್ಟ ಬೆಸುಗೆಯ ಚುಕ್ಕೆ.

ಬೆಸುಗೆಗಾರ:

ಸೊಟ್ಟಗಾಗುವ ವಿಚಾರಕ್ಕೆ ಮಾತ್ರ ಉತ್ತರಿಸುತ್ತೇನೆ. ನೀವು ಬೆಸೆಯುತ್ತಿರುವ ತಗಡು ಹೆಚ್ಚೂಕಡಿಮೆ 0.9 ಮಿ.ಮೀ. ದಪ್ಪದ್ದು. ಬೆಸುಗೆ ತಣ್ಣಗಾಗುವಾಗ ಕುಗ್ಗಿ ಎರಡೂ ಬದಿಯ ತಗಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕುಗ್ಗುವುದನ್ನು ಪೂರ್ತಿ ತಡೆಯಲಾಗದು, ಆದರೆ ಕುಗ್ಗಿದ್ದನ್ನು ಹಿಗ್ಗಿಸಬಹುದು. ಪ್ರತಿ ಟ್ಯಾಕ್ ತಣ್ಣಗಾದ ಮೇಲೆ ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಹಗುರವಾಗಿ ಬಡಿದರೆ ಆ ಚುಕ್ಕೆ ಹಿಗ್ಗಿ ತಗಡು ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಒಂದರ ಮೇಲೊಂದು ಹೊಂದಿಸುವ ಜೋಡಣೆಗಿಂತ ಅಂಚಿಗೆ ಅಂಚು ಕೂಡಿಸುವುದನ್ನು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದೇ: ಎರಡು ಪದರವಿದ್ದ ಕಡೆ ಈ ರೀತಿ ಬಡಿದು ಸರಿಪಡಿಸಲಾಗುವುದಿಲ್ಲ. ಜೊತೆಗೆ ಪದರಗಳ ನಡುವೆ ತೇವ ನಿಲ್ಲುತ್ತದೆ, ಮತ್ತು ಬಿಸಿಲಿಗೆ ಕಾದಾಗ ದಪ್ಪದ ವ್ಯತ್ಯಾಸದಿಂದ ಬಣ್ಣದ ಕೆಳಗೆ ಗೆರೆ ಮೂಡುವುದುಂಟು.

ಎಡಬದಿಯ ತೇಪೆಗೆ ಹೊಸ ತಗಡನ್ನು ಹಳೆಯದರ ಮೇಲೆ ಹಿಡಿದು ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಅಂಚುಗಳು ಒಂದಕ್ಕೊಂದು ತಾನಾಗಿಯೇ ಹೊಂದುತ್ತವೆ. ನಡುವಿನ ಸಂದು ತಗಡಿನ ದಪ್ಪವನ್ನು ಮೀರಬಾರದು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ. ಮೊದಲ ಟ್ಯಾಕ್‌ಗಳನ್ನು ದೂರದೂರ ಇಡಿ, ಆಮೇಲೆ ನಡುನಡುವೆ ಇಡುತ್ತಾ 25 ಮಿ.ಮೀ. ಅಂತರಕ್ಕೆ ಬನ್ನಿ, ಬಳಿಕ ಟ್ಯಾಕ್‌ಗಳ ನಡುವಣ ಜಾಗವನ್ನೂ ಚುಕ್ಕೆಚುಕ್ಕೆಯಾಗಿಯೇ ತುಂಬಿ. ಬರಿಗೈ ಇಡುವಷ್ಟು ತಣ್ಣಗಾಗುವವರೆಗೆ ಆ ಭಾಗಕ್ಕೆ ಮರಳಬೇಡಿ. ಒದ್ದೆ ಬಟ್ಟೆ ಒತ್ತಿ ಬೇಗ ತಣಿಸುವವರಿದ್ದಾರೆ. ತಗಡನ್ನು ಬೇಕೆಂದೇ ಕುಗ್ಗಿಸುವ ವಿಧಾನವೇ ಅದು, ಇಲ್ಲಿ ನಮಗೆ ಬೇಕಾಗಿರುವುದು ಅದರ ವಿರುದ್ಧ. ಬೆಸುಗೆಯನ್ನು ಸಮ ಮಾಡುವಾಗಲೂ ಗ್ರೈಂಡರ್‌ನ ಶಾಖ ಅಷ್ಟೇ ಕೆಡುಕು ಮಾಡುತ್ತದೆ, ಆದ್ದರಿಂದ ಉಬ್ಬಿದ ಭಾಗವನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ತೆಗೆಯಿರಿ.

ಬಲಬದಿಯ ಪೂರ್ಣ ಪ್ಯಾನೆಲ್‌ನ ಅಂಚುಗಳಿಗೆ ಪ್ಲಗ್ ವೆಲ್ಡ್ ಸಾಕು. ಹೊಸ ಅಂಚಿನಲ್ಲಿ 8 ಮಿ.ಮೀ. ತೂತುಗಳನ್ನು ಕೊರೆದು, ಒಳತಗಡಿಗೆ ಬಿಗಿಯಾಗಿ ಕ್ಲಾಂಪ್ ಮಾಡಿ, ತೂತಿನ ನಡುವಿನಿಂದ ತೊಡಗಿ ತುಂಬಿ.

ಪ್ರೈಮರ್‌ಪ್ರಿಯ:

ಯಾರೂ ಬೆಂಕಿಯ ಮಾತೆತ್ತಲಿಲ್ಲ. ಈ ಕಾರಿನ ಪೆಟ್ರೋಲ್ ಟ್ಯಾಂಕ್ ಇರುವುದು ಡಿಕ್ಕಿಯ ನೆಲದ ಕೆಳಗೆ. ಅದನ್ನು ಬಿಚ್ಚಿ ಗ್ಯಾರೇಜಿನಿಂದಲೇ ಹೊರಗಿಡಿ. ಖಾಲಿ ಮಾಡಿದರೆ ಸಾಲದು, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯಕಾರಿ. ಬ್ಯಾಟರಿ, ಸೀಟು, ಛಾವಣಿಯ ಒಳಬಟ್ಟೆ, ಕಾರ್ಪೆಟ್ ತೆಗೆಯಿರಿ. ಬೆಸುಗೆಯ ಸುತ್ತಲಿನ ಹಳೆಯ ಡಾಂಬರು ಲೇಪವನ್ನೂ ಸಂದು ಮುಚ್ಚುವ ಸೀಲರನ್ನೂ ಕೆರೆಯಿರಿ. ಕೆಲಸ ನಿಲ್ಲಿಸಿದ ಮೇಲೂ ಒಂದು ಗಂಟೆಯಾದರೂ ಅಲ್ಲೇ ಇದ್ದು ಗಮನಿಸಿ. ತಗಡನ್ನು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬಾರದು, ಬೆಸುಗೆಯ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಮುಚ್ಚಿಹೋಗುವ ಅಂಚುಗಳಿಗೆ ಮೊದಲೇ ಸತುವಿನ ವೆಲ್ಡ್‌ಥ್ರೂ ಪ್ರೈಮರ್ (ಬೆಸೆಯುವ ಅಂಚುಗಳಿಗೆಂದೇ ಇರುವ ತುಕ್ಕುನಿರೋಧಕ ಲೇಪ) ತೆಳ್ಳಗೆ ಹಚ್ಚಿ, ಪ್ಲಗ್ ವೆಲ್ಡ್ ಬೀಳುವ ತೂತಿನ ಜಾಗದಲ್ಲಿ ಮಾತ್ರ ಅದನ್ನು ಉಜ್ಜಿ ತೆಗೆಯಿರಿ. ಬೆಸುಗೆ ಮುಗಿದ ಮೇಲೆ ಬರಿಯ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಸೀಮ್ ಸೀಲರ್, ಬಣ್ಣವೆಲ್ಲ ಮುಗಿದ ನಂತರ ಒಳಗಿನ ಪೊಳ್ಳುಗಳಿಗೆ ಮೇಣದ ಸಿಂಪಡಣೆ. ಮೇಣವನ್ನು ಬಣ್ಣಕ್ಕಿಂತ ಮೊದಲು ಹೊಡೆದರೆ ಅದು ಸಂದುಗಳಿಂದ ಹೊರಬಂದು ಬಣ್ಣವನ್ನು ಕೆಡಿಸುತ್ತದೆ.

ಗ್ಯಾರೇಜ್‌ಮಿತ್ರ:

ಕೊನೆಯದಾಗಿ ಒಂದು ಸಂದೇಹ. ಚಕ್ರದ ಕಮಾನಿನ ಅಂಚಿನಲ್ಲಿ ಹೊರತಗಡು ಮತ್ತು ಚಕ್ರದ ಹೊರಗೂಡು ಕೂಡುವಲ್ಲಿ ಬೆಸುಗೆಯ ಬದಲು ಪ್ಯಾನೆಲ್ ಅಂಟನ್ನು ಬಳಸಬಹುದೇ?

ಬೆಸುಗೆಗಾರ:

ಆ ಅಂಚಿಗೆ ಅಂಟನ್ನು ನಾನು ಒಪ್ಪುತ್ತೇನೆ, ಏಕೆಂದರೆ ಮೂಲ ಕಾರಿನಲ್ಲಿ ಎರಡು ತಗಡುಗಳ ನಡುವೆ ಕೆಸರುನೀರು ಹೊಕ್ಕು ತುಕ್ಕು ಹುಟ್ಟಿದ್ದು ಅಲ್ಲೇ. ಅಂಟು ಆ ಸಂದನ್ನು ಪೂರ್ತಿ ಮುಚ್ಚುತ್ತದೆ. ಎರಡೂ ಮೈಗಳನ್ನು ಹೊಳೆಯುವ ಲೋಹ ಕಾಣುವಂತೆ ಒರಟಾಗಿ ಉಜ್ಜಿ, ಅಂಟಿನ ತಯಾರಕರು ಹೇಳಿದಷ್ಟು ಹೊತ್ತು ಕ್ಲಾಂಪ್ ಬಿಡಬೇಡಿ. ಅಲ್ಲಿ ವೆಲ್ಡ್‌ಥ್ರೂ ಪ್ರೈಮರ್ ಬೇಡ. ಹತ್ತಿರದ ಮಿಗ್ ಬೆಸುಗೆಗಳನ್ನೆಲ್ಲ ಅಂಟು ಹಚ್ಚುವ ಮೊದಲೇ ಮುಗಿಸಿಕೊಳ್ಳಿ, ಶಾಖಕ್ಕೆ ಅಂಟು ಸುಟ್ಟು ಹಿಡಿತ ಕಳೆದುಕೊಳ್ಳುತ್ತದೆ. ಛಾವಣಿಯ ಸಂದು, ಬಾಗಿಲ ಚೌಕಟ್ಟು ಹಾಗೂ ಕೆಳಗಿನ ಉದ್ದಪಟ್ಟಿಗೆ ಕೂಡುವ ಕಡೆ ಮಾತ್ರ ಬೆಸುಗೆಯೇ ಆಗಬೇಕು.

ಹಳೇಸುತ್ತಿಗೆ:

ಅದಕ್ಕೊಂದು ಸೇರ್ಪಡೆ: ಹೊರಚೆಲ್ಲಿದ ಅಂಟನ್ನಾಗಲಿ, ಸೀಲರನ್ನಾಗಲಿ ಪಕ್ಕದ ತಗ್ಗಿನ ತಳದಲ್ಲಿರುವ ನೀರು ಹೋಗುವ ತೂತಿನ ಮೇಲೆ ಹರಡಬೇಡಿ. ಮೇಣ ಸಿಂಪಡಿಸಿದ ಮೇಲೂ ಒಂದು ತಂತಿ ತೂರಿಸಿ ಅದು ತೆರೆದಿದೆಯೇ ಎಂದು ನೋಡಿ, ಆಮೇಲೆ ಹಿಂಗಾಜಿನ ಮೇಲೆ ಪೈಪಿನಿಂದ ನೀರು ಬಿಟ್ಟು ಡಿಕ್ಕಿಯೊಳಗೆ ದೀಪ ಹಿಡಿದು ಪರೀಕ್ಷಿಸಿ. ಚಾಪೆ ಹಾಸುವುದು ಅದಾದ ಬಳಿಕ.