ಆರು ಜನ, ಎರಡು ಚೀಲ ತೆಂಗಿನಕಾಯಿ, ಆಗುಂಬೆ ಘಾಟಿ: ಯಾವ ಕಾರು ತಗೊಳ್ಳಲಿ?

ತೀರ್ಥಹಳ್ಳಿಯವ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ಆರು ಜನ: ಅಪ್ಪ, ಅಮ್ಮ, ನಾನು, ಹೆಂಡತಿ, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು. ಈಗಿರುವುದು ಹಳೇ ಸಣ್ಣ ಕಾರು. ಹಾಗಾಗಿ ಬೆಂಗಳೂರಿನಿಂದ ಊರಿಗೆ ಹೊರಟಾಗಲೆಲ್ಲ ನಾವು ಕಾರಿನಲ್ಲಿ, ಅಪ್ಪ ಅಮ್ಮ ಬಸ್ಸಿನಲ್ಲಿ. ಕಳೆದ ದೀಪಾವಳಿಗೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ಒದ್ದೆಯಾದ ಚೀಲ ಹಿಡ್ಕೊಂಡು ಇಬ್ಬರೂ ನಿಂತಿದ್ದು ನೋಡಿ, ಇನ್ನು ಸಾಕು ಅಂತ ತೀರ್ಮಾನ ಮಾಡಿದೆ.

ಆನ್ ರೋಡ್, ಅಂದರೆ ತೆರಿಗೆ ವಿಮೆ ಎಲ್ಲ ಸೇರಿ, 15 ಲಕ್ಷದವರೆಗೆ ಹೋಗಬಹುದು, ತುಂಬಾ ಹಿಡಿಸಿದರೆ ಇನ್ನೊಂದು ಲಕ್ಷ. ಮೂರು ಸಾಲು ಸೀಟಿನ ಮಾರುತಿ ಎರ್ಟಿಗಾ, ಕಿಯಾ ಕ್ಯಾರೆನ್ಸ್, ರೆನೋ ಟ್ರೈಬರ್ ಮೂರೂ ತಲೆಯಲ್ಲಿವೆ. ತಿಂಗಳಿಗೆ ಎಂಟುನೂರು ಕಿಲೋಮೀಟರ್ ಓಡಿಸುತ್ತೇನೆ, ಬಹುಪಾಲು ಸಿಟಿಯಲ್ಲೇ. ಆದರೆ ವರ್ಷಕ್ಕೆ ಐದಾರು ಸಲ ಊರು, ಅಲ್ಲಿಂದ ಆಗುಂಬೆ ಇಳಿದು ಉಡುಪಿಯಲ್ಲಿ ಹೆಂಡತಿಯ ತವರು. ಬರುವಾಗ ಎರಡು ಚೀಲ ತೆಂಗಿನಕಾಯಿ ಇದ್ದೇ ಇರುತ್ತದೆ. ನನಗೆ ಗಾಡಿ ಓಡಿಸುವುದು ತುಂಬಾ ಇಷ್ಟ, ಅದನ್ನೂ ಪೂರ್ತಿ ಬಿಟ್ಟುಕೊಡಲು ಮನಸ್ಸಿಲ್ಲ.

ಹಾಸನದವಳು

ನಾವು ಎರ್ಟಿಗಾ ಪೆಟ್ರೋಲ್ ಇಟ್ಟುಕೊಂಡು ನಾಲ್ಕು ವರ್ಷ ಆಯ್ತು. ಮೈಲೇಜ್, ಸರ್ವೀಸ್ ಖರ್ಚು ಎರಡರಲ್ಲೂ ನೆಮ್ಮದಿ. ಸಿಟಿಯಲ್ಲಿ ಹಗುರ, ಪಾರ್ಕಿಂಗೂ ಕಷ್ಟ ಇಲ್ಲ. ಸಿಎನ್‌ಜಿ ಬೇಡ ಸರ್, ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ, ನಿಮ್ಮ ತೆಂಗಿನಕಾಯಿಗೆ ಜಾಗ ಎಲ್ಲಿ?

ಬೆಲೆ ನೋಡುವಾಗ ರೋಡ್ ಟ್ಯಾಕ್ಸ್ ಮರೀಬೇಡಿ. ನಮ್ಮ ರಾಜ್ಯದಲ್ಲಿ 5 ಲಕ್ಷ ದಾಟಿ 10 ಲಕ್ಷದವರೆಗೆ 14%, ಅದು ದಾಟಿದರೆ 20 ಲಕ್ಷದವರೆಗೆ 17%, ಅದೂ ಪೂರ್ತಿ ಬೆಲೆಯ ಮೇಲೆ. 9.9 ಲಕ್ಷದ ಗಾಡಿಗೂ 10.1 ಲಕ್ಷದ ಗಾಡಿಗೂ ಬೆಲೆಯಲ್ಲಿ 20 ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ 33 ಸಾವಿರ. ಮೇಲೆ ಸೆಸ್ ಬೇರೆ. ಇನ್ನೊಂದು, ಕೊಟೇಶನ್ನಿನ ಪ್ರತಿ ಸಾಲನ್ನೂ ಓದಿ. ನಮಗೆ ಶೋರೂಂನವರು ಕೇಳದೇನೇ ಸೀಟ್ ಕವರ್, ಮ್ಯಾಟ್, ಕೋಟಿಂಗ್ ಅಂತ ಸೇರಿಸಿದ್ದರು. ಗಲಾಟೆ ಮಾಡಿದ ಮೇಲೆ ತೆಗೆದರು.

ಘಾಟಿ_ಸವಾರ

ಟ್ರೈಬರ್ ಒಳ್ಳೆಯ ಗಾಡಿ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ 18% ಅಷ್ಟೇ, ಉಳಿದೆರಡಕ್ಕೆ 40%. ಮೂರನೇ ಸಾಲಿನ ಸೀಟು ಕಳಚಿ ಮನೆಯಲ್ಲಿಟ್ಟರೆ ಡಿಕ್ಕಿ 625 ಲೀಟರ್. ಆದರೆ ಸೀಟುಗಳೆಲ್ಲ ಇದ್ದಾಗ ಉಳಿಯೋದು 84 ಲೀಟರ್. ಇಂಜಿನ್ ಶಕ್ತಿಯೂ 72 ಪಿಎಸ್ (ಅಶ್ವಶಕ್ತಿ) ಮಾತ್ರ. ಆರು ಜನ ಕೂತು ಆಗುಂಬೆಯ ಹದಿನಾಲ್ಕು ತಿರುವು ಹತ್ತಿಸೋಕೆ ನನಗೇನೋ ಧೈರ್ಯ ಬರಲ್ಲ.

ಎರ್ಟಿಗಾದ್ದು 103 ಪಿಎಸ್, ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಕೊಡೋ ಟರ್ಬೊ ಇಲ್ಲ. ಘಾಟಿ ಹತ್ತುತ್ತದೆ, ಆದರೆ ಪ್ರತಿ ತಿರುವಿನಲ್ಲೂ ಎರಡನೇ ಗೇರಿಗೆ ಇಳಿಸಿ, ಇಂಜಿನ್ ಕೂಗಿಸಿಕೊಂಡು ಹೋಗಬೇಕು. ಕ್ಯಾರೆನ್ಸ್ ಟರ್ಬೊ ಪೆಟ್ರೋಲ್ 160 ಪಿಎಸ್, ಎಳೆಯೋ ಬಲ (ಟಾರ್ಕ್) 253 ಎನ್‌ಎಂ. ತಿರುವಿನಿಂದ ಹೊರಗೆ ಬಂದು ಕಾಲು ಒತ್ತಿದರೆ ಸಾಕು, ತುಂಬಿದ ಗಾಡಿಯೂ ಸಲೀಸಾಗಿ ಏರುತ್ತದೆ. ನಿಮಗೆ ಓಡಿಸೋ ಆಸೆ ಇದ್ದರೆ ಇದೇ. ಸಿಟಿಯಲ್ಲಿ ಕಾಲು ಭಾರ ಮಾಡಿದರೆ ಪೆಟ್ರೋಲ್ ಮಾತ್ರ ಚೆನ್ನಾಗಿ ಕುಡಿಯುತ್ತದೆ. ಡೀಸೆಲ್ ಬೇಡ. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸೋರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕಟ್ಟಿಕೊಳ್ಳುತ್ತದೆ.

ಈಗ ಮುಖ್ಯ ವಿಷಯ. ಮೂರೂ ಸಾಲು ಎತ್ತಿದಾಗ ಎರ್ಟಿಗಾ ಡಿಕ್ಕಿ 209 ಲೀಟರ್, ಕ್ಯಾರೆನ್ಸ್ 216. ಎರಡೂ ಒಂದೇ ಅನ್ನಿ, ಎರಡರಲ್ಲೂ ಸಾಲದು. ಆರು ಜನ ಅಂತ ಆರು ಸೀಟಿನದನ್ನು ತಗೋಬೇಡಿ, ಮಧ್ಯದಲ್ಲಿ ಎರಡೇ ಸೀಟು ಇರೋದರಿಂದ ಇಬ್ಬರು ಹಿಂದೆ ಹೋಗಲೇಬೇಕಾಗುತ್ತದೆ. ಏಳು ಸೀಟಿನದನ್ನೇ ತಗೊಳ್ಳಿ. ಮುಂದೆ ಇಬ್ಬರು, ಮಧ್ಯದಲ್ಲಿ ಅಪ್ಪ ಅಮ್ಮ ಮಗಳು, ಹಿಂದೆ ಮಗ ಒಬ್ಬನೇ. ಹಿಂದಿನ ಇನ್ನೊಂದು ಅರ್ಧ ಸೀಟು ಮಡಚಿದರೆ ಅಲ್ಲಿ ಚೀಲ.

ಹಾಸನದವಳು

ಇದು ಸರಿಯಾದ ಮಾತು, ನಾವೂ ಹಾಗೇ ಮಾಡೋದು. ಅಮ್ಮನನ್ನು ಶೋರೂಮಿಗೆ ಕರ್ಕೊಂಡು ಹೋಗಿ. ಮಂಡಿ ನೋವಿದ್ದರೆ ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಸೀಟು ಎಷ್ಟು ಎತ್ತರದಲ್ಲಿದೆ ಅನ್ನೋದು ಅವರು ಕೂತು ಎದ್ದರೇ ಗೊತ್ತಾಗೋದು.

ತೀರ್ಥಹಳ್ಳಿಯವ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಎಲ್ಲರನ್ನೂ ಕರ್ಕೊಂಡು ಹೋಗಿದ್ದೆ. ಅಮ್ಮ ಎರ್ಟಿಗಾ, ಕ್ಯಾರೆನ್ಸ್ ಎರಡಕ್ಕೂ ಮೂರು ಮೂರು ಸಲ ಹತ್ತಿ ಇಳಿದರು. ಎರಡರಲ್ಲೂ ಮಧ್ಯದ ಸೀಟು ಆರಾಮ. ಹಿಂದಿನ ಸಾಲಿನಲ್ಲಿ ಮಾತ್ರ ಮಂಡಿ ಎದೆಯ ಹತ್ತಿರ ಬಂದು, ಎದ್ದೇಳೋಕೆ ನನ್ನ ಕೈ ಹಿಡೀಬೇಕಾಯ್ತು. ಮನೆಯಿಂದ ಒಂದು ಖಾಲಿ ಗೋಣಿಚೀಲ ಒಯ್ದಿದ್ದೆ. ಅರ್ಧ ಸೀಟು ಮಡಚಿ ಹಾಸಿ ನೋಡಿದೆ, ಎರಡು ಚೀಲಕ್ಕೂ ಜಾಗ ಇದೆ.

ಕ್ಯಾರೆನ್ಸ್ ಟರ್ಬೊ ಓಡಿಸಿದ ಮೇಲೆ ಮನಸ್ಸು ಅಲ್ಲೇ ನಿಂತಿದೆ. ಟಾಪ್ ಮಾಡೆಲ್ ಬಜೆಟ್ಟಿಗೆ ಬರಲ್ಲ, ಕೆಳಗಿನ ಮಾಡೆಲ್ಲಿಗೆ ಮ್ಯಾನ್ಯುಅಲ್ ಗೇರಿನಲ್ಲಿ ಕೊಟೇಶನ್ ಕೇಳಿದ್ದೇನೆ. 16 ಲಕ್ಷದೊಳಗೆ ಬಂದರೆ ಅದೇ, ಇಲ್ಲದಿದ್ದರೆ ಎರ್ಟಿಗಾ. ಯಾವುದು ಬಂದರೂ ಈ ದೀಪಾವಳಿಗೆ ಅಪ್ಪ ಅಮ್ಮ ನಮ್ಮ ಜೊತೆಗೇ ಬರುತ್ತಾರೆ.