310 ಕಿ.ಮೀ. ಹಾರೋಕೆ ಒಂದೂಕಾಲು ಗಂಟೆ ಯಾಕೆ?

ಕಿಟಕಿಸೀಟು:
ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕಿದೆ. ಒಂದು ಕಡೆ 310, ಇನ್ನೊಂದು ಕಡೆ 193, ಮತ್ತೊಂದು ಕಡೆ 167 ಅಂತ ಬಂತು. ಯಾವುದನ್ನು ನಂಬೋದು? ಟಿಕೆಟ್‌ನಲ್ಲಿ ಹೊರಡೋದು 6.05, ತಲುಪೋದು 7.20. ನಾನು ಸುಮ್ನೆ ಕೂರೋ ಜಾತಿ ಅಲ್ಲ, ವಾಚ್ ಹಿಡಿದು ಬರೆದುಕೊಂಡೆ. ನೆಲ ಬಿಟ್ಟಿದ್ದು 6.17ಕ್ಕೆ, ನೆಲ ಮುಟ್ಟಿದ್ದು 7.01ಕ್ಕೆ, ನಿಂತಿದ್ದು 7.06ಕ್ಕೆ. ಅಂದರೆ ಗಾಳಿಯಲ್ಲಿದ್ದದ್ದು 44 ನಿಮಿಷ ಮಾತ್ರ! ‘ಸಮಯಕ್ಕಿಂತ ಮುಂಚೆ ಬಂದಿದ್ದೇವೆ’ ಅಂತ ಹೇಳಿದಾಗ ಹಿಂದಿನ ಸಾಲಿನವರು ಚಪ್ಪಾಳೆ ಬೇರೆ ತಟ್ಟಿದರು. ಉಳಿದ ಸಮಯ ಎಲ್ಲಿ ಹೋಯ್ತು? ರೆಕ್ಕೆಗೆ ಫ್ಯಾನ್ ಇದ್ದ ಎಟಿಆರ್ 72 ವಿಮಾನ.

ಹಳೇರನ್‌ವೇ:
ಮೂರೂ ಒಂದೇ ದೂರ ಮಾರಾಯರೇ. 310 ಕಿಲೋಮೀಟರ್, 193 ಮೈಲಿ, 167 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಪೈಲಟ್‌ಗಳು ಲೆಕ್ಕ ಹಾಕೋದು ಅದರಲ್ಲೇ. ಆದರೆ ಇದು ಹಗ್ಗ ಎಳೆದಂತೆ ನೇರ ದೂರ. ವಿಮಾನ ಹೋಗುವ ದಾರಿ ಇದಕ್ಕಿಂತ ಸ್ವಲ್ಪ ಜಾಸ್ತಿನೇ ಇರುತ್ತದೆ.

ಟಿಕೆಟ್‌ನಲ್ಲಿರೋದು ಬ್ಲಾಕ್ ಟೈಮ್. ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಆ ತುದಿಯಲ್ಲಿ ನಿಲ್ಲುವವರೆಗೆ. ನಾನು ಸಣ್ಣ ನಿಲ್ದಾಣವೊಂದರಲ್ಲಿ ಚಕ್ರಕ್ಕೆ ಅಡೆ ಇಟ್ಟು ತೆಗೆಯುವ ಕೆಲಸ ಮಾಡಿದವನು. ನಮ್ಮಲ್ಲಿ ರನ್‌ವೇ ಪಕ್ಕ ಬೇರೆ ದಾರಿಯೇ ಇರಲಿಲ್ಲ. ವಿಮಾನ ರನ್‌ವೇ ಮೇಲೇ ತುದಿವರೆಗೆ ಉರುಳಿಕೊಂಡು ಹೋಗಿ, ಅಲ್ಲಿ ತಿರುಗಿ, ಆಮೇಲೆ ಓಡಬೇಕು. ಆ ಹೊತ್ತಿಗೆ ಇನ್ನೊಂದು ವಿಮಾನ ಇಳಿಯೋದಿದ್ದರೆ ಕಾಯಲೇಬೇಕು. ನಿಮ್ಮ 12 ನಿಮಿಷ ಅಲ್ಲೇ ಹೋಗಿದ್ದು. ಉಳಿದ 14 ನಿಮಿಷ ಕಂಪನಿಯವರು ಇಟ್ಟುಕೊಂಡ ಸಡಿಲ. ಚಪ್ಪಾಳೆ ಅದಕ್ಕೆ!

ಮತ್ತೆ ಅದು ಫ್ಯಾನ್ ಅಲ್ಲ, ಪ್ರೊಪೆಲ್ಲರ್. ಎಟಿಆರ್ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ಆ ವೇಗದಲ್ಲಿ 310ಕ್ಕೆ 37 ನಿಮಿಷ. ಏರುವಾಗ, ಇಳಿಯುವಾಗ ನಿಧಾನ, ಹಾಗಾಗಿ 44 ಸರಿಯಾಗಿಯೇ ಇದೆ. ಜೆಟ್ ವೇಗ ಹಿಡಿದು ಲೆಕ್ಕ ಹಾಕಿದರೆ ತಪ್ಪುತ್ತದೆ.

ಮೋಡದಾಚೆ:
ದೂರ ಕಮ್ಮಿ ಆದಷ್ಟೂ ನೆಲದ ಮೇಲಿನ ಪಾಲು ಜಾಸ್ತಿ. ಸ್ಕಾಟ್ಲೆಂಡಿನ ಓರ್ಕ್ನಿಯಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಅಂತ ಎರಡು ದ್ವೀಪ ಇವೆ. ನಡುವೆ 2.7 ಕಿ.ಮೀ. ವೇಳಾಪಟ್ಟಿಯಲ್ಲಿ 2 ನಿಮಿಷ, ದಾಖಲೆ 53 ಸೆಕೆಂಡ್. ಬೆಲ್ಟ್ ಹಾಕಿ ತೆಗೆಯೋದಕ್ಕೇ ಅಷ್ಟು ಹೊತ್ತು ಬೇಕಲ್ವಾ?

ಕಿಟಕಿಸೀಟು:
ಹಹ್ಹ! ಸರಿ, ಇನ್ನೊಂದು. ವಾಪಸ್ ಬರುವಾಗ ಅದೇ ದಾರಿಗೆ 52 ನಿಮಿಷ ಹಿಡಿಯಿತು.

ಹಳೇರನ್‌ವೇ:
ಗಾಳಿ. ಗಂಟೆಗೆ 40 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ 540, ಎದುರಿಗಿದ್ದರೆ 460. ಅದರಲ್ಲೇ ಆರು ನಿಮಿಷ ವ್ಯತ್ಯಾಸ. ಜೊತೆಗೆ ಇಳಿಯೋದು ಗಾಳಿಗೆ ಎದುರಾಗಿ. ರನ್‌ವೇ ಆಚೆ ತುದಿಯಿಂದ ಇಳಿಯಬೇಕಾದರೆ ನಿಲ್ದಾಣ ದಾಟಿ ಹೋಗಿ ಸುತ್ತಿ ಬರಬೇಕು. ಮುಂದಿನ ವಿಮಾನ ಹಿಡಿಯೋದಿದ್ದರೆ ನಿಮ್ಮ ವಾಚ್ ಲೆಕ್ಕ ಬಿಡಿ, ಟಿಕೆಟ್‌ನ 7.20ನ್ನೇ ಹಿಡಿಯಿರಿ.

ಕಿಟಕಿಸೀಟು:
ಹಾಗಾದರೆ ಮೊನ್ನೆ ಕಿಟಕಿಯಲ್ಲಿ ಅದೇ ಕೆರೆ ಎರಡು ಸಲ ಕಂಡಿದ್ದು ಇದಕ್ಕೇ. ನಾನು ಬೇರೆ ಬೇರೆ ಕೆರೆ ಅಂದುಕೊಂಡು ಎರಡು ಫೋಟೋ ತೆಗೆದಿದ್ದೆ.