ಮೊಳೆ ಕಾಂತಕ್ಕೆ ಬಲ ಬರ್ತಿಲ್ಲ, ಎಲ್‌ಇಡಿ ಹತ್ತುತ್ತಿಲ್ಲ: ತಪ್ಪು ಎಲ್ಲಿದೆ?

ಭಾಲ್ಕಿ_ಏಳನೇ_ತರಗತಿ

ನಮಸ್ಕಾರ್ರಿ ಎಲ್ಲರಿಗೂ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ವಿದ್ಯುತ್ತು, ಕಾಂತ, ಬೆಳಕು ಮೂರನ್ನೂ ಒಂದೇ ಟೇಬಲ್ ಮೇಲೆ ಮಕ್ಕಳ ಕೈಯಿಂದಲೇ ಮಾಡಿಸಬೇಕು. ಇರುವ ಸಾಮಾನು: 3 ಇಂಚಿನ ಮೊಳೆ, ಪ್ಲಾಸ್ಟಿಕ್ ಹೊದಿಕೆಯ ವೈರು 30 ಸುತ್ತು, 1.5 ವೋಲ್ಟಿನ ಪೆನ್ಸಿಲ್ ಸೆಲ್.

ತೊಂದರೆ ಇಷ್ಟು. ಒಂದು ಸೆಲ್ಲಿಗೆ ಮೂರು ಟಾಚಣಿ (ಗುಂಡುಸೂಜಿ) ಏಳುತ್ತವೆ. ಮೂರು ಸೆಲ್ ಸಾಲಾಗಿ ಜೋಡಿಸಿದರೂ ನಾಲ್ಕೇ, ಅದರ ಮೇಲೆ ವೈರು ಬಿಸಿಯಾಗಿ ಸೆಲ್ಲೂ ಬೇಗ ಸತ್ತುಹೋಗುತ್ತದೆ. ವೈರು ಬಿಚ್ಚಿದ ಮೇಲೂ ಟಾಚಣಿ ಬೀಳುವುದಿಲ್ಲ. ಬಿಳಿ ಎಲ್‌ಇಡಿ ಒಂದು ಸೆಲ್ಲಿಗೆ ಹತ್ತುವುದೇ ಇಲ್ಲ, ಮೂರು ಸೆಲ್ಲಿಗೆ ನೇರ ಹಚ್ಚಿದರೆ ಸುಟ್ಟೇ ಹೋಗುತ್ತದೆ. ದಾರಿ ಹೇಳ್ರಿ.

ವೈಂಡಿಂಗ್_ಗುಲ್ಬರ್ಗಾ

ಸರ, ಸೆಲ್ಲು ಹೆಚ್ಚ ಮಾಡಬ್ಯಾಡ್ರಿ, ಸುತ್ತು ಹೆಚ್ಚ ಮಾಡ್ರಿ.

ಯಾಕಂದ್ರ ನಿಮ್ಮ 30 ಸುತ್ತಿನ ವೈರಿಗೆ ರೋಧ (ಕರೆಂಟಿಗೆ ತಡೆ) ಇಲ್ಲಂದ್ರೂ ನಡೀತದ. ಅದು ಸೆಲ್ಲಿನ ಎರಡೂ ತುದಿಗೆ ತಂತಿ ಹಚ್ಚಿ ಶಾರ್ಟ್ ಮಾಡಿದಂಗೇ. ಆವಾಗ ಕರೆಂಟ್ ಎಷ್ಟು ಹರೀಬೇಕು ಅನ್ನೋದನ್ನ ಸೆಲ್ಲಿನ ಒಳಗಿನ ರೋಧನ ಠರಾಯಿಸ್ತದ. ಹೊಸ ಪೆನ್ಸಿಲ್ ಸೆಲ್ಲಿಗೆ ಅದು ಅರ್ಧ ಓಮಿನ ಆಸುಪಾಸು ಅಂತ ಹಿಡೀರಿ. ಮೂರು ಸೆಲ್ ಸಾಲಾಗಿ ಜೋಡಿಸಿದ್ರ ವೋಲ್ಟು ಮೂರು ಪಟ್ಟು, ಒಳಗಿನ ರೋಧನೂ ಮೂರು ಪಟ್ಟು. ಕರೆಂಟು ಇದ್ದಲ್ಲೇ ಇರ್ತದ. ಅದಕ್ಕs ಮೂರು ಟಾಚಣಿ ನಾಲ್ಕಾಯ್ತು, ಒಂಬತ್ತಾಗ್ಲಿಲ್ಲ.

ಕಾಂತದ ಬಲ ಕೂಡೋದು ಕರೆಂಟು ಗುಣಿಸು ಸುತ್ತಿನ ಸಂಖ್ಯೆ ಮ್ಯಾಲೆ. ಪ್ಲಾಸ್ಟಿಕ್ ವೈರು ದಪ್ಪ, ಮೊಳೆ ಮ್ಯಾಲೆ ಜಾಗಾನೇ ಸಾಲಂಗಿಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯಾಗ 26 ಗೇಜಿನ ಇನಾಮಲ್ ತಂತಿ (ತೆಳು ಬಣ್ಣದಂಥ ಹೊದಿಕೆ ಇರೋ ತಾಮ್ರದ ತಂತಿ) ಕೇಳ್ರಿ, ತೂಕದ ಮ್ಯಾಲೆ ಕೊಡ್ತಾರ. ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಕಡಿಮಿ, ಒಂದು ಮೀಟರಿಗೆ ರೋಧ ಸುಮಾರು 0.1 ಓಮ್. 200 ಸುತ್ತಿಗೆ ತುದಿ ಬಿಡೋದು ಹಿಡಿದು 4 ಮೀಟರ್ ಬೇಕು, ಅಂದ್ರ 6 ಗ್ರಾಂ. 50 ಗ್ರಾಂ ತಗೊಂಡ್ರ ಎಂಟು ಮೊಳೆಗೆ ಆಗ್ತದ.

ಲೆಕ್ಕ ನೋಡ್ರಿ. ಈಗ ನಿಮ್ಮದು: ಸುಮಾರು 2.7 ಆಂಪಿಯರ್ ಗುಣಿಸು 30, ಅಂದ್ರ 80ರ ಹತ್ತಿರ. 200 ಸುತ್ತಿಂದು: ಒಟ್ಟು ರೋಧ 0.9 ಓಮ್, ಕರೆಂಟು ಸುಮಾರು 1.67 ಆಂಪಿಯರ್, ಗುಣಿಸಿದ್ರ 330ರ ಹತ್ತಿರ. ಸೆಲ್ಲು ಅದೇ ಒಂದು, ಕರೆಂಟು ಕಡಿಮಿ, ಬಲ ನಾಲ್ಕು ಪಟ್ಟು.

ಸುತ್ತೋ ಮುಂಚೆ ಮೊಳೆಗೆ ಒಂದು ಸುತ್ತು ಪೇಪರ್ ಅಂಟಿಸ್ರಿ, ಮೊಳೆ ತಲಿ ಇನಾಮಲ್ ಕೆರೀಬಾರದು. ತಂತಿ ಒತ್ತೊತ್ತಾಗಿ ಸುತ್ತಿದ್ರ ಎರಡು ಪದರಿನಾಗ 200 ಹಿಡೀತಾವ. ತುದಿಗೆ ಹೋಗಿ ತಿರುಗಿ ಬರೋವಾಗ ಕೈ ಯಾವ ಕಡೆ ತಿರುಗ್ತಿತ್ತೋ ಅದೇ ಕಡೆ ತಿರುಗಬೇಕು. ಇಲ್ಲಿ ಹುಡುಗರು ಉಲ್ಟಾ ಸುತ್ತಿಬಿಡ್ತಾರ. ಮೊದಲ ಪದರಿನ ಬಲಾನ ಎರಡನೇದು ತಿಂದುಬಿಡ್ತದ, ತಂತಿ ಬಿಸಿ, ಟಾಚಣಿ ಸೊನ್ನೆ.

ಆಮೇಲೆ ತುದಿ. ಇನಾಮಲ್ ತಾಮ್ರದ ಬಣ್ಣದ್ದೇ ಇರ್ತದ, ಬರೀ ತಾಮ್ರ ಅಂತ ಮೋಸ ಹೋಗ್ತೀರಿ. ಎರಡೂ ತುದಿ 2 ಸೆಂಟಿಮೀಟರ್ ಸ್ಯಾಂಡ್ ಪೇಪರಿಂದ ಸುತ್ತಲೂ ಉಜ್ಜಿ, ಹೊಳಪು ಗುಲಾಬಿ ಬಣ್ಣ ಬರೋ ತನಕ. ಹತ್ತಕ್ಕೆ ಎಂಟು ‘ಕೆಲಸ ಮಾಡ್ತಿಲ್ಲ’ ಇಲ್ಲೇ ಇರ್ತಾವ. ಮತ್ತ ಒಂದು ಸಲಕ್ಕ ಐದು ಸೆಕೆಂಡಿಗಿಂತ ಹೆಚ್ಚ ಹಚ್ಚಿ ಇಡಬ್ಯಾಡ್ರಿ.

ಬೈಕ್ ಬ್ಯಾಟರಿ, ಮನಿ 230 ವೋಲ್ಟು, ಇವೆರಡೂ ಟೇಬಲ್ ಹತ್ತಿರಾನೂ ಬರಬಾರದು. ಬೈಕ್ ಬ್ಯಾಟರಿ 12 ವೋಲ್ಟೇ ಇರ್ಲಿ, ಒಳಗಿನ ರೋಧ ಭಾಳ ಕಡಿಮಿ, ಈ ತಂತೀನ ಕ್ಷಣದಾಗ ಕೆಂಪಗ ಮಾಡ್ತದ.

ಫರ್ಸಿಕಲ್ಲು

ಮೇಲಿನ ಲೆಕ್ಕ ಸರಿ. ಮೊಳೆಯ ಬಗ್ಗೆ ಮಾತ್ರ ನನ್ನದೊಂದು ತಕರಾರು.

ಟಾಚಣಿ ಬೀಳದಿರುವುದಕ್ಕೆ ಮೊಳೆಯೇ ಕಾರಣ. ಅಂಗಡಿ ಮೊಳೆ ಎಳೆದು, ತಲೆ ಜಜ್ಜಿ ಮಾಡಿದ ಉಕ್ಕು. ಹಾಗೆ ಗಡಸಾದ ಉಕ್ಕು ಒಮ್ಮೆ ಕಾಂತವಾದರೆ ಅರ್ಧಂಬರ್ಧ ಹಾಗೇ ಉಳಿಯುತ್ತದೆ. ಒಲೆಯಲ್ಲಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನ ಆರಿಸಿದರೆ ಮೆತ್ತಗಾಗುತ್ತದೆ. ಆದರೆ ಬೆಳ್ಳಗೆ ಹೊಳೆಯುವ ಮೊಳೆಗೆ ಸತುವಿನ ಲೇಪ ಇರಬಹುದು, ಕಾಯಿಸಿದರೆ ಅದರ ಹೊಗೆ ಕೆಟ್ಟದ್ದು. ಅದನ್ನು ಬೆಂಕಿಗೆ ಹಾಕಲೇಬೇಡಿ.

ಇದಕ್ಕಿಂತ ಸುಲಭದ ದಾರಿ ಸೆಂಟ್ರಿಂಗ್ ಕೆಲಸದವರ ಬೈಂಡಿಂಗ್ ತಂತಿ. ಸಲಾಕೆ ಕಟ್ಟಲು ಬಾಗಬೇಕೆಂದು ಕಾರ್ಖಾನೆಯಲ್ಲೇ ಕಾಯಿಸಿ ಮೆತ್ತಗೆ ಮಾಡಿರುತ್ತಾರೆ. 7 ಸೆಂಟಿಮೀಟರಿನ 20 ತುಂಡು ಕತ್ತರಿಸಿ, ನೆಟ್ಟಗೆ ಮಾಡಿ, ಕಟ್ಟಾಗಿ ಬಿಗಿದು ಟೇಪು ಸುತ್ತಿ, ಅದರ ಮೇಲೆ ತಂತಿ ಸುತ್ತಿ. ಬಿಚ್ಚಿದ ಕೂಡಲೇ ಹೆಚ್ಚುಕಡಿಮೆ ಎಲ್ಲಾ ಟಾಚಣಿ ಉದುರುತ್ತವೆ. ಮೊಳೆಯನ್ನೂ ಎಸೆಯಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಶಾಶ್ವತ ಕಾಂತಕ್ಕೆ ಉಕ್ಕು ಯಾಕೆ, ಕರೆಗಂಟೆಗೆ ಮೆದು ಕಬ್ಬಿಣ ಯಾಕೆ ಎನ್ನುವುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಟೇಬಲ್ ಬಗ್ಗೆ: ಕಬ್ಬಿಣದ ಕಾಲಿನ ಬೆಂಚಿನ ಮೇಲೆ ದಿಕ್ಸೂಚಿ ಇಟ್ಟರೆ ಅದು ಬೆಂಚನ್ನೇ ತೋರಿಸುತ್ತದೆ. ನೆಲದ ಶಹಾಬಾದ ಫರ್ಸಿ ಸುಣ್ಣದಕಲ್ಲು, ಸೂಜಿಯನ್ನು ಎಳೆಯುವುದಿಲ್ಲ, ಅಲ್ಲಿ ಇಡಿ. ಹೊಲದ ಬದುವಿನ ಕರಿಕಲ್ಲು ಬೇಡ, ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು ಇರುತ್ತದೆ. ಬೇಕಾದರೆ ಅದೇ ಒಂದು ಆಟವಾಗಲಿ: ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಒಣ ಮರಳಿನಲ್ಲಿ ಆಡಿಸಿದರೆ ಕಪ್ಪು ಪುಡಿ ಅಂಟಿ ಬರುತ್ತದೆ. ಚೀಲ ತಿರುವಿದರೆ ಪುಡಿ ಬೇರೆ, ಕಾಂತ ಬೇರೆ. ಚೀಲ ಇಲ್ಲದೆ ಮಾಡಿದರೆ ಅದನ್ನು ಕೀಳುವುದರಲ್ಲೇ ತಾಸು ಹೋಗುತ್ತದೆ.

ದಿಕ್ಸೂಚಿಯ ಮೇಲೆ ವೈರನ್ನು ಉತ್ತರ ದಕ್ಷಿಣವಾಗಿ ಹಿಡಿದು ಸೆಲ್ ಮುಟ್ಟಿಸಿ, ಸೂಜಿ ಪಕ್ಕಕ್ಕೆ ಹೊರಳುತ್ತದೆ. 1820ರಲ್ಲಿ ಅರ್ಸ್ಟೆಡ್ ಕಂಡದ್ದು ಇದನ್ನೇ. ಪೂರ್ವ ಪಶ್ಚಿಮವಾಗಿ ಹಿಡಿದರೆ ಸೂಜಿ ಅಲ್ಲಾಡದೆ ನಿಂತು, ಪ್ರಯೋಗ ಸುಳ್ಳು ಅನ್ನಿಸಿಬಿಡಬಹುದು.

‘ಲೋಹ ಅಂದರೆ ಕಾಂತಕ್ಕೆ ಅಂಟುತ್ತದೆ’ ಎಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿ. ಬಿಡಿಸಲು ಬೀದರಿನವರಿಗೆ ಬಿದ್ರಿ ಸಾಮಾನೇ ಇದೆ. ಅದು ಬಹುಪಾಲು ಸತು, ಜೊತೆಗೆ ತಾಮ್ರ, ಮೇಲೆ ಬೆಳ್ಳಿ. ಮೂರರಲ್ಲಿ ಒಂದೂ ಅಂಟುವುದಿಲ್ಲ. ಅದೇ ಸತು ಹಳೆಯ ನಮೂನೆಯ ಸೆಲ್ಲಿನ ಹೊರ ಡಬ್ಬಿಯೂ ಹೌದು. ಈಗಿನ 1 ಮತ್ತು 2 ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಉಕ್ಕು, ಅಂಟುತ್ತವೆ. ಊಟದ ಸ್ಟೀಲ್ ತಟ್ಟೆ ಬಹಳಷ್ಟು ಸಲ ಅಂಟುವುದಿಲ್ಲ. ಈ ಜೋಡಿ ಮುಂದಿಟ್ಟು ಸುಮ್ಮನೆ ಕೂತುಬಿಡಿ, ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ಯಾದಗಿರಿ_ಬೆಳಕು

ಎಲ್‌ಇಡಿ ವಿಷಯ ಯಾರೂ ಮುಟ್ಟಿಲ್ಲ.

ಟಾರ್ಚ್ ಬಲ್ಬಿನ ಎಳೆ ಕಾದು ಬೆಳಗುತ್ತದೆ, ವೋಲ್ಟ್ ಕಡಿಮೆ ಇದ್ದರೆ ಮಂಕಾಗಿಯಾದರೂ ಕೆಂಪಾಗುತ್ತದೆ. ಎಲ್‌ಇಡಿಗೆ ಒಂದು ಹೊಸ್ತಿಲು ಇದೆ. ಕೆಂಪಿಗೆ ಸುಮಾರು 1.8ರಿಂದ 2 ವೋಲ್ಟ್, ಬಿಳಿಗೆ 3ರ ಹತ್ತಿರ. ಬಿಳಿ ಎಲ್‌ಇಡಿ ನಿಜಕ್ಕೂ ನೀಲಿ ಎಲ್‌ಇಡಿ, ಮೇಲೆ ಹಳದಿ ಬೆಳಕು ಕೊಡುವ ಪುಡಿ ಬಳಿದಿರುತ್ತಾರೆ. ಕೆಂಪು ಬೆಳಕಿಗಿಂತ ನೀಲಿ ಬೆಳಕಿನ ಕಣಕ್ಕೆ ಶಕ್ತಿ ಹೆಚ್ಚು ಬೇಕು, ಹೊಸ್ತಿಲು ಎತ್ತರವಾಗಿರುವುದು ಅದಕ್ಕೇ. ಹೊಸ್ತಿಲು ದಾಟಿದ ಮೇಲೆ ಕರೆಂಟಿಗೆ ಕಡಿವಾಣವಿಲ್ಲ, ನಿಮ್ಮದು ಸುಟ್ಟದ್ದು ಹಾಗೆ. ಮೂರು ಸೆಲ್ಲಿಗೆ ಬಿಳಿ ಎಲ್‌ಇಡಿ ಹಚ್ಚುವಾಗ 100 ಓಮಿನ ರೆಸಿಸ್ಟರ್ (ಕಂದು, ಕಪ್ಪು, ಕಂದು ಪಟ್ಟಿ) ಸಾಲಿನಲ್ಲಿರಲಿ: 4.5ರಲ್ಲಿ 3 ಕಳೆದು 100ರಿಂದ ಭಾಗಿಸಿದರೆ 15 ಮಿಲಿಆಂಪಿಯರ್. ಉದ್ದ ಕಾಲು ಪ್ಲಸ್‌ಗೆ.

ಮೂರನ್ನೂ ಒಂದೇ ಟೇಬಲ್ ಮೇಲೆ ಬೇಕು ಅಂದಿರಲ್ಲ, ಅದಕ್ಕೆ ಹೀಗೆ ಮಾಡಿ. 200 ಸುತ್ತಿನ ಸುರುಳಿಯ ಎರಡು ತುದಿಗಳ ನಡುವೆ ಬಿಳಿ ಎಲ್‌ಇಡಿಯನ್ನು ಉಲ್ಟಾ ಜೋಡಿಸಿ, ಅಂದರೆ ಉದ್ದ ಕಾಲು ಸೆಲ್ಲಿನ ಮೈನಸ್ ಕಡೆಯ ತುದಿಗೆ. ರೆಸಿಸ್ಟರ್ ಬೇಡ. ಈಗ ಒಂದೇ ಸೆಲ್ ಹಚ್ಚಿ: ಎಲ್‌ಇಡಿ ಸುಮ್ಮನಿರುತ್ತದೆ. ಸೆಲ್ಲಿನಿಂದ ತಂತಿಯನ್ನು ಝಟ್ಟನೆ ಕಿತ್ತರೆ ಮಿಣುಕ್ ಎನ್ನುತ್ತದೆ. ಕಬ್ಬಿಣದಲ್ಲಿದ್ದ ಕಾಂತಕ್ಷೇತ್ರ ಕುಸಿಯುವಾಗ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿ 3ರ ಹೊಸ್ತಿಲು ದಾಟುತ್ತದೆ. ಫ್ಯಾರಡೆ 1831ರಲ್ಲಿ ಹಿಡಿದ ನಿಯಮ ಇದು. ಒಂದೂವರೆ ವೋಲ್ಟಿಗೆ ಹತ್ತದ ದೀಪ ಸೆಲ್ ಕಿತ್ತ ಮೇಲೆ ಹತ್ತುತ್ತದೆ. ಕೀಳುವಾಗ ಬೆರಳು ತಂತಿಯ ಹೊದಿಕೆ ಇರುವ ಕಡೆ ಇರಲಿ, ಎಲ್‌ಇಡಿ ಇಲ್ಲದಾಗ ಚುರುಕ್ ಎನ್ನಬಹುದು.

ಭಾಲ್ಕಿ_ಏಳನೇ_ತರಗತಿ

ಎಲ್ಲರಿಗೂ ಶರಣು. ಬೈಂಡಿಂಗ್ ತಂತಿಯ ಕಟ್ಟು 200 ಸುತ್ತಿಗೆ ಟಾಚಣಿಯ ಗೊಂಚಲನ್ನೇ ಎತ್ತಿತು, ಬಿಚ್ಚಿದರೆ ಒಂದೆರಡು ಮಾತ್ರ ಉಳಿದವು. ಮಿಣುಕು ಮಾತ್ರ ಬರುತ್ತಿಲ್ಲ.

ಯಾದಗಿರಿ_ಬೆಳಕು

ನಾಲ್ಕು ಕಡೆ ನೋಡಿ. ಎಲ್‌ಇಡಿಯ ಕಾಲು ತಿರುವಿ ಹಚ್ಚಿ ಮತ್ತೊಮ್ಮೆ. ಕೀಳುವುದು ಸೆಲ್ಲಿನ ಬದಿಯಲ್ಲೇ, ಸುರುಳಿ ಮತ್ತು ಎಲ್‌ಇಡಿ ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ಎಲ್‌ಇಡಿ ಕಾಲು ಸೇರುವ ಜಾಗದಲ್ಲೂ ಇನಾಮಲ್ ಉಜ್ಜಿರಬೇಕು. ಹಗಲು ಬೆಳಕಿನಲ್ಲಿ ಕಾಣುವುದು ಕಷ್ಟ, ಮಿಣುಕು ಸೆಕೆಂಡಿನ ಸಾವಿರದ ಒಂದು ಪಾಲೂ ಇರಲಿಕ್ಕಿಲ್ಲ: ಕಿಟಕಿ ಮುಚ್ಚಿ, ಎಲ್‌ಇಡಿಗೆ ಕಪ್ಪು ಕಾಗದದ ಕೊಳವೆ ಹಾಕಿ ನೇರ ಮೇಲಿಂದ ನೋಡಿ.

ವೈಂಡಿಂಗ್_ಗುಲ್ಬರ್ಗಾ

ತಂತಿ ಮೆಲ್ಲಗ ಜಾರಿಸಿ ಬಿಟ್ರೂ ಬರಂಗಿಲ್ಲ ಸರ. ಒರಟು ಕಾನಸಿನ (ಅರದ) ಮ್ಯಾಲೆ ಸೆಲ್ಲಿನ ಒಂದು ತಂತಿ ಕಟ್ರಿ, ಸುರುಳಿ ತುದಿ ಆ ಕಾನಸಿನ ಹಲ್ಲಿನ ಮ್ಯಾಲೆ ಗೀರ್ರಿ. ಒಂದೊಂದು ಹಲ್ಲಿಗೂ ಹಚ್ಚಿ ಬಿಟ್ಟಂಗ ಆಗ್ತದ, ಎಲ್‌ಇಡಿ ಒಂದೇ ಸಮ ಮಿಣಮಿಣ ಅಂತದ, ಹಿಂದಿನ ಬೆಂಚಿನ ಹುಡುಗರಿಗೂ ಕಾಣ್ತದ.